ಎಡಗಡೆ ಸೀಟಿನ ಬ್ರೇಕು

ನಮ್ಮ ಹಳೆಯ ಕಾರಿನಲ್ಲಿ ಎರಡು ಬ್ರೇಕುಗಳಿದ್ದವು. ಒಂದು ನನ್ನ ಕಾಲ ಕೆಳಗೆ, ಕಂಪನಿಯವರು ಕೊಟ್ಟದ್ದು. ಇನ್ನೊಂದು ಎಡಗಡೆ ಸೀಟಿನ ಮುಂದೆ, ನಮ್ಮ ಮಾವನವರು ತಾವೇ ಮಾಡಿಕೊಂಡದ್ದು. ಅಲ್ಲಿ ಪೆಡಲ್ ಇರಲಿಲ್ಲ, ಬರೀ ರಬ್ಬರ್ ಮ್ಯಾಟು. ಆದರೆ ದೂರದಲ್ಲಿ ಒಂದು ಎಮ್ಮೆ ಕಂಡರೂ ಸಾಕು, ಅವರ ಬಲಗಾಲು ಆ ಮ್ಯಾಟನ್ನು ಒತ್ತಿ ಹಿಡಿಯುತ್ತಿತ್ತು. ಎಮ್ಮೆ ರಸ್ತೆ ದಾಟಿ ಹೊಲಕ್ಕಿಳಿದ ಮೇಲೇ ಕಾಲು ಮೇಲೇಳುತ್ತಿದ್ದದ್ದು. ವರ್ಷಗಟ್ಟಲೆ ಒತ್ತಿ ಒತ್ತಿ ಅಲ್ಲಿ ತೂತು ಬಿದ್ದಿತ್ತು. ಒಮ್ಮೆ ಸರ್ವಿಸ್‌ಗೆ ಕೊಟ್ಟಾಗ ಮೆಕ್ಯಾನಿಕ್ ಅದನ್ನು ನೋಡಿ, "ಇದೇನು ಮೇಡಂ, ಇಲಿ ಕಡಿದಿದೆಯಾ?" ಎಂದು ಕೇಳಿದ. "ಹೂಂ ಕಣಪ್ಪ, ಖಾಕಿ ಅಂಗಿ ಹಾಕಿದ ಇಲಿ" ಎಂದೆ.

ಮಾವನವರ ಹೆಸರು ಈರಣ್ಣ. ಮಧುಗಿರಿ-ಪಾವಗಡ ರೂಟಿನಲ್ಲಿ ಜೀವಮಾನವೆಲ್ಲ ಪ್ರೈವೇಟ್ ಬಸ್ಸು ಓಡಿಸಿದವರು. ಬಸ್ಸು ಬಿಟ್ಟ ಮೇಲೂ ಖಾಕಿ ಅಂಗಿ ಬಿಡಲಿಲ್ಲ. ಭಾನುವಾರ ಮಾತ್ರ ಬಿಳಿ ಅಂಗಿ. ಎತ್ತರದ ಆಳು, ಕುತ್ತಿಗೆಗೆ ಸುತ್ತಿದ ಟವೆಲು. ಮಾತಾಡುವಾಗಲೂ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಅವರ ಬೆನ್ನ ಹಿಂದೆ ಯಾವುದೋ ಗಾಡಿ ಬರುತ್ತಿದೆಯೇನೋ ಎನ್ನುವ ಹಾಗೆ ದೂರ ನೋಡುತ್ತಿದ್ದರು. ನಾನು ಅವರ ಸೊಸೆ ಸವಿತಾ. ಪಾವಗಡದ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ಮಧುಗಿರಿಯಲ್ಲಿ, ಯಜಮಾನರು ಮಂಜುನಾಥರ ಹಾರ್ಡ್‌ವೇರ್ ಅಂಗಡಿಯೂ ಮಧುಗಿರಿಯಲ್ಲಿ, ನನ್ನ ಕೆಲಸ ಮಾತ್ರ ಅಲ್ಲಿ. ವರ್ಗಾವಣೆ "ಈ ಸಲ ಖಂಡಿತ" ಎನ್ನಿಸಿಕೊಳ್ಳುತ್ತಲೇ ಉಳಿದುಹೋಯಿತು. ಹಾಗಾಗಿ ಕಾರು ಕಲಿತೆ.

ಮೊದಲ ದಿನ ನಾನೊಬ್ಬಳೇ ಹೊರಟಿದ್ದೆ. ಮಾವ ಎಡಗಡೆಯ ಬಾಗಿಲು ತೆಗೆದರು, ಸೀಟಿನ ಮೇಲೆ ಟವೆಲು ಹಾಸಿದರು, ಕೂತರು. "ಆ ರೋಡು ನಿಂಗೆ ಹೊಸ್ದು ಕಣಮ್ಮ. ಒಂದು ವಾರ ಜೊತೇಲಿ ಬತ್ತೀನಿ, ಅಭ್ಯಾಸ ಆಗ್ಲಿ" ಎಂದರು. ಆ ಒಂದು ವಾರ ಮುಗಿಯಲೇ ಇಲ್ಲ.

ಬೆಳಿಗ್ಗೆ ನಾನು ಗೇರು ಹಾಕುವ ಮೊದಲು ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲ ಮೇಲೆ ಎರಡು ಸಲ ತಟ್ಟಿ "ರೈಟ್... ರೈಟ್" ಅನ್ನಬೇಕು. ಅಂದ ಮೇಲೇ ಗಾಡಿ ಹೊರಡಬೇಕು. ಎ.ಸಿ. ಹಾಕುವಂತಿಲ್ಲ. ಕಿಟಕಿ ಮುಚ್ಚಿದರೆ ಹಿಂದಿನವನಿಗೆ ಕೈ ತೋರಿಸುವುದು ಹೇಗೆ? ಹಾಡು ಹಾಕುವಂತಿಲ್ಲ. "ಇಂಜಿನ್ ಏನೋ ಹೇಳ್ತಿರ್ತದೆ, ನೀನು ಹಾಡು ಹಾಕ್ಕಂಡ್ರೆ ಅದು ಯಾರಿಗ್ ಹೇಳ್ಬೇಕು?" ಇನ್ನು ಓವರ್‌ಟೇಕ್ ಮಾಡುವ ಮಾತಂತೂ ಎತ್ತುವ ಹಾಗೇ ಇಲ್ಲ. ಸೋಲಾರ್ ಪಾರ್ಕಿಗೆ ಸಾಮಾನು ಹೊತ್ತ ಲಾರಿಗಳು ಮುಂದೆ ತೆವಳುತ್ತಿದ್ದವು, ಹಿಂದೆ ನಾವು, ತೆರೆದ ಕಿಟಕಿಯಿಂದ ಅದರ ಹೊಗೆ ಧೂಳೆಲ್ಲ ನನ್ನ ಇಸ್ತ್ರಿ ಮಾಡಿದ ಸೀರೆಗೆ. ನಾನು ಸ್ವಲ್ಪ ಬಲಕ್ಕೆ ಸರಿದರೆ ಸಾಕು, ಎಡಗಡೆಯ ಕಾಲು ಮ್ಯಾಟಿಗೆ ಇಳಿಯುತ್ತಿತ್ತು.

"ಮಾವ, ಮುಂದೆ ಖಾಲಿ ಇದೆ, ಹೋಗಿಬಿಡ್ತೀನಿ."

"ಎಲ್ಲಿಗ್ ಹೋಗ್ತೀಯಾ? ಅವನೂ ಪಾವಗಡಕ್ಕೇ ಹೋಗ್ತಾವ್ನೆ. ಬುಡು, ಹಿಂದೇನೇ ಹೋಗಾನ."

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮಿಡಿಗೇಶಿ ಹತ್ತಿರ ಬಂದಂತೆ ರಸ್ತೆ ಬದಿಯಲ್ಲಿ ಕೈಗಳು ಮೇಲೇಳುತ್ತಿದ್ದವು. "ನಿಲ್ಸು, ನಿಲ್ಸು, ಅದು ನಮ್ ಪ್ಯಾಸೆಂಜರು!" ಅಂದರೆ ಅವರು ಬಸ್ಸು ಓಡಿಸುವ ಕಾಲದಿಂದ ಹತ್ತಿಸಿಕೊಂಡು ಹೋದ ಜನ. ಆಸ್ಪತ್ರೆಗೆ ಹೊರಟ ಅಜ್ಜಿ, ಮಗಳ ಮನೆಗೆ ಹೊರಟ ಬೀಗರು, ತಾಲ್ಲೂಕು ಕಚೇರಿಗೆ ಅಲೆಯುವವರು. ಹಿಂದಿನ ಸೀಟು ಒಂದು ದಿನವೂ ಖಾಲಿ ಹೋಗಿದ್ದಿಲ್ಲ. ಮಿಡಿಗೇಶಿ ದಾಟಿದರೆ ಮಾತು ಅರ್ಧಕ್ಕರ್ಧ ತೆಲುಗು. "ಏಮನ್ನಾ ಈರನ್ನಾ, ಬಾಗುನ್ನಾವಾ?" ಎಂದು ಒಬ್ಬರು ಹತ್ತಿದರೆ, ಮಾವ ಕತ್ತು ತಿರುಗಿಸದೆ ರಸ್ತೆ ನೋಡುತ್ತಲೇ ಅವರ ಇಡೀ ಮನೆತನದ ಯೋಗಕ್ಷೇಮ ವಿಚಾರಿಸುತ್ತಿದ್ದರು. ನನ್ನ ಕಾರಿಗೆ ಆ ಕಡೆ 'ಮೇಡಂ ಬಸ್ಸು' ಎಂದು ಹೆಸರೇ ಬಿದ್ದುಹೋಯಿತು.

ಒಂದು ಸಲ ನಾಗಮ್ಮ ಎನ್ನುವ ಹೆಂಗಸು ಹುಣಸೆಹಣ್ಣಿನ ಮೂಟೆ ಸಮೇತ ಹತ್ತಿದಳು. ಡಿಕ್ಕಿಯಲ್ಲಿ ಹಾಕಿ ಎಂದರೆ ಕೇಳಲಿಲ್ಲ, ಪಕ್ಕದಲ್ಲೇ ಮಗುವಿನ ಹಾಗೆ ಕೂರಿಸಿಕೊಂಡಳು. ದಾರಿಯಲ್ಲಿ ಮೂಟೆಯ ಬಾಯಿ ಬಿಚ್ಚಿತು. ಅವತ್ತು ಕಾಲೇಜಿಗೆ ಇನ್‌ಸ್ಪೆಕ್ಷನ್‌ಗೆ ಬಂದವರನ್ನು ನಾನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊಟಕ್ಕೆ ಕರೆದೊಯ್ಯಬೇಕಾಯಿತು. ಪಾಪ, ಅವರು ಇಳಿದಾಗ ಪ್ಯಾಂಟು ಸೀಟನ್ನು ಬಿಡಲೊಲ್ಲದು. ಸಂಜೆ ನಾನು ಸಿಟ್ಟಿನಿಂದ, "ಮಾವ, ಇದು ಬಸ್ಸಲ್ಲ" ಎಂದೆ.

"ಬಸ್ಸು ಅಂತ ಯಾರಂದ್ರು? ಆದ್ರೆ ಖಾಲಿ ಸೀಟು ಓಡ್ಸೋದು ಪಾಪ ಕಣಮ್ಮ."

ನಾನು ಬಕೆಟ್ಟಿನಲ್ಲಿ ನೀರು ತಂದು ಸೀಟು ಉಜ್ಜತೊಡಗಿದೆ.

ನಿಜ ಹೇಳಬೇಕೆಂದರೆ ನನಗೆ ಉಸಿರು ಕಟ್ಟುತ್ತಿತ್ತು. ಮನೆಯಲ್ಲಿ ಸೊಸೆ, ಕಾಲೇಜಿನಲ್ಲಿ ಮೇಡಂ. ಎರಡರ ನಡುವಿನ ರಸ್ತೆಯೊಂದಾದರೂ ನನ್ನದಾಗಬಹುದು ಎಂದುಕೊಂಡು ಕಾರು ಕಲಿತವಳು ನಾನು. ಅಲ್ಲಿಯೂ ಟವೆಲು ಹಾಸಿಕೊಂಡು ಮಾವ ಕೂತಿದ್ದರು. ಅವರು ಒಳ್ಳೆಯವರು ಅನ್ನುವುದೇ ದೊಡ್ಡ ಕಷ್ಟ. ಬೈಯುವ ಮಾವನಾಗಿದ್ದರೆ ಜಗಳವಾಡಿ ಬಿಡಿಸಿಕೊಳ್ಳಬಹುದಿತ್ತು. ಇವರು ಬಸ್‌ಸ್ಟ್ಯಾಂಡಿನ ಹಳೆಯ ಡ್ರೈವರುಗಳ ಜೊತೆ ಇಡೀ ದಿನ ಹರಟೆ ಹೊಡೆದು, ಸಂಜೆ ಕಾಲೇಜಿನ ಗೇಟಿನ ಬಳಿ ಕೈಯಲ್ಲಿ ನನಗೆಂದು ಬಿಸಿ ಬೋಂಡದ ಪೊಟ್ಟಣ ಹಿಡಿದು ನಿಂತಿರುತ್ತಿದ್ದರು.

ಅವರ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ದೊಡ್ಡ ವಿಷಯ ಯಾವುದಿದ್ದರೂ ಕೊರಟಗೆರೆ ಕಡೆಯ ತಮ್ಮ ಹುಟ್ಟೂರಿಗೆ ಹೋಗಿ ಅಮ್ಮನ ಗುಡಿಯಲ್ಲಿ ಹೂ ಕೇಳಿಸುತ್ತಿದ್ದರು. ಪೂಜಾರಿ ಒದ್ದೆ ಹೂವನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಕೇಳಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಮಂಜು ಅಂಗಡಿಗೆಂದು ಒಂದು ಸೈಟು ನೋಡಿ ಆಸೆಪಟ್ಟಾಗಲೂ ಹೀಗೆ ಕೇಳಿಸಿದ್ದರು. ಹೂ ಬಿತ್ತು. "ಬಲಕ್ಕೇ ಬಿತ್ತಲ್ಲ!" ಎಂದು ಮಂಜು ಕುಣಿದಾಡಿದರೆ ಮಾವ ಗದರಿಸಿದ್ದರು. "ಬಲ ಅಂದ್ರೆ ಅಮ್ಮನ ಬಲ ಕಣ್ಲಾ. ನೀನು ಅವಳ ಎದುರಿಗ್ ನಿಂತಿದ್ದೀಯ. ನಿನ್ ಬಲ ಅವಳಿಗೆ ಎಡ ಆಯ್ತದೆ. ಆ ಸೈಟು ಬ್ಯಾಡ." ಸೈಟು ಕೈಬಿಟ್ಟೇಹೋಯಿತು. ಇವತ್ತಿಗೂ ಆ ಸೈಟಿನ ಮುಂದೆ ಹೋಗುವಾಗ ಮಂಜು ನಿಟ್ಟುಸಿರು ಬಿಡುತ್ತಾರೆ.

ಎರಡು ಅನಾಹುತಗಳು ಒಂದೇ ಬೇಸಿಗೆಯಲ್ಲಿ ಆದವು. ಮಾವ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಎಡಮಂಡಿ ಮಡಚುವುದು ನಿಂತುಹೋಯಿತು. ಅದಾದ ಸ್ವಲ್ಪ ದಿನಕ್ಕೆ ಕಾರಿನ ಇಂಜಿನ್ ದಾರಿಯಲ್ಲೇ ಹೊಗೆ ಕಾರಿಕೊಂಡು ಕೂತುಬಿಟ್ಟಿತು. ಮೆಕ್ಯಾನಿಕ್ ಕೈ ತೊಳೆದುಕೊಂಡ. ನನಗೋ, ದುಃಖ ಪಡಬೇಕಾದ ಜಾಗದಲ್ಲಿ ಒಳಗೊಳಗೇ ಹಬ್ಬ.

ಯಾಕೆಂದರೆ ನನಗೆ ಬೇಕಾದ ಕಾರು ಯಾವುದೆಂದು ನನ್ನ ತಲೆಯಲ್ಲಿ ಎಷ್ಟೋ ಕಾಲದಿಂದ ತಯಾರಾಗಿತ್ತು. ದಿನಾ ಓಡಾಡುವವಳಿಗೆ ಬೇಕಾದ್ದು ನೆಲ ಹಿಡಿದು ಓಡುವ, ಹಿಂದೆ ಡಿಕ್ಕಿ ಇರುವ ಸೆಡಾನ್. ತಿರುವಿನಲ್ಲಿ ತೂಗಾಡಬಾರದು. ಏರಿನಲ್ಲಿ ಲಾರಿ ಸಿಕ್ಕರೆ ಕಾಲಿಟ್ಟ ತಕ್ಷಣ ಮುನ್ನುಗ್ಗಬೇಕು, ಅರ್ಧ ದಾರಿಯಲ್ಲಿ ದಮ್ಮು ಕಟ್ಟಿ ಎದುರಿನ ಬಸ್ಸಿಗೆ ನನ್ನನ್ನು ಒಪ್ಪಿಸಬಾರದು. ರೇಸಿಗೆ ಹೋಗುವ ಆಸೆಯೇನೂ ಇರಲಿಲ್ಲ. ಒಂದೇ ಒಂದು ಲಾರಿಯನ್ನು ಮರ್ಯಾದೆಯಿಂದ ಹಿಂದೆ ಹಾಕುವಷ್ಟು ಶಕ್ತಿ ಸಾಕಿತ್ತು.

ಸಿರಾದಲ್ಲಿ ಹೈವೇ ಪಕ್ಕ ಹಳೆಯ ಕಾರು ಮಾರುವ ಬಾಬು ಭಾಯ್ ಎಂಬುವರು ನಮ್ಮ ಅಂಗಡಿಯ ಗಿರಾಕಿ. ಅವರ ಹತ್ತಿರ ಎರಡು ಕಾರುಗಳಿದ್ದವು. ಒಂದು ಬೂದು ಬಣ್ಣದ ಸೆಡಾನ್, ಟರ್ಬೊ ಪೆಟ್ರೋಲು, ಒಬ್ಬ ಡಾಕ್ಟರು ಜೋಪಾನವಾಗಿ ಇಟ್ಟುಕೊಂಡಿದ್ದದ್ದು. ಇನ್ನೊಂದು ಈಗ ಎಲ್ಲರ ಮನೆ ಮುಂದೆಯೂ ನಿಲ್ಲುವಂಥ ಎತ್ತರದ ಗಾಡಿ. "ಮೇಡಂ, ಸೆಡಾನ್ ಏಕ್‌ದಂ ಸಾಲಿಡ್. ಬೇಫಿಕರ್ ತಗೊಳ್ಳಿ" ಎಂದರು ಬಾಬು ಭಾಯ್. ಸರ್ವಿಸ್ ರೋಡು ದಾಟಿ ಹೈವೇಗೆ ಹತ್ತಿಸಿ ಕಾಲಿಟ್ಟೆ ನೋಡಿ, ಅಬ್ಬಾ! ಬೆನ್ನು ಸೀಟಿಗೆ ಅಂಟಿಕೊಂಡಿತು. ಪಕ್ಕದಲ್ಲಿದ್ದ ಮಂಜು ಹ್ಯಾಂಡಲ್ ಹಿಡಿದು "ಏಯ್, ನಿಧಾನ ಕಣೇ!" ಎಂದು ಕೂಗಿಕೊಂಡರು. ಎತ್ತರದ ಗಾಡಿಯನ್ನೂ ಓಡಿಸಿದೆ. ಅದು ಒಳ್ಳೆಯ ಗಾಡಿಯೇ. ಕಾಲಿಟ್ಟರೆ ಯೋಚನೆ ಮಾಡಿ ಉತ್ತರ ಕೊಡುತ್ತಿತ್ತು, ಅಷ್ಟೇ.

ಆಮೇಲೆ ಮಾವ ಸೆಡಾನಿಗೆ ಕೂರಲು ಹೋದರು. ಹಳೆಯ ಕಾರಿನ ಸೀಟು ಕುರ್ಚಿಯಷ್ಟು ಎತ್ತರ ಇತ್ತು, ಇದರದ್ದು ಮಣೆಯಷ್ಟು. ತಲೆ ಬಗ್ಗಿಸಿದರು, ತಗುಲಿತು. ಬಲಗಾಲು ಒಳಗೆ ಹೋಯಿತು, ಹೇಗೋ ದೊಪ್ಪನೆ ಕೂತುಬಿಟ್ಟರು. ನೆಟ್ಟಗೆ ನಿಂತ ಎಡಗಾಲು ಬಾಗಿಲ ಹೊರಗೇ ಉಳಿಯಿತು. ಒಳಗೆಳೆದುಕೊಳ್ಳಲು ಆಗಲಿಲ್ಲ, ಎದ್ದು ಬರಲೂ ಆಗಲಿಲ್ಲ. ಮಂಜು ಒಂದು ಕೈ, ಬಾಬು ಭಾಯ್ ಒಂದು ಕೈ ಹಿಡಿದು ಎಳೆದರು. ಮಾವ ನಗುತ್ತಲೇ, "ಬಾವಿಗ್ ಬಿದ್ದೋನ್ನ ಎತ್ತಿದಂಗೆ ಎತ್ತುದ್ರಲ್ರೋ" ಎಂದರು. ಆದರೆ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಎತ್ತರದ ಗಾಡಿಗೆ ಮಾತ್ರ ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು, ಬಸ್ಸಿನ ಡ್ರೈವರ್ ಬಾಗಿಲು ಹತ್ತಿದ ಹಾಗೆ ಹತ್ತಿ ಕೂತರು. ಕೂತು ಸುತ್ತ ನೋಡಿದರು. ಆ ಮುಖದ ಸಂತೋಷ ನೋಡಿ ನನ್ನ ಸೆಡಾನ್ ಕೈತಪ್ಪಿತು ಎಂದುಕೊಂಡೆ.

ಅಲ್ಲಿಗೆ ಎಲ್ಲರ ಮನಸ್ಸಿನಲ್ಲೂ ತೀರ್ಮಾನ ಆಗಿಹೋಯಿತು, ನನ್ನ ಮನಸ್ಸೊಂದನ್ನು ಬಿಟ್ಟು. ಸಿರಾದಲ್ಲೇ ಇರುವ ನಾದಿನಿ ದಿನಾ ಫೋನು ಮಾಡಿ, "ಅತ್ತಿಗೆ, ಎತ್ತರದ್ದೇ ತಗೊಳ್ಳಿ, ಅಪ್ಪಾಜಿಗೆ ಅನುಕೂಲ. ಹಂಪ್‌ಗೂ ಹೊಟ್ಟೆ ತಾಗಲ್ಲ" ಎನ್ನುತ್ತಿದ್ದಳು. ನಾನು ಮಂಜುಗೆ ನೇರವಾಗಿಯೇ ಹೇಳಿದೆ, "ದಿನಾ ಓಡಿಸೋಳು ನಾನು. ನನಗೆ ಬೇಕಾದ ಗಾಡಿ ಒಂದೇ ಒಂದು ಸಲ ನನಗೆ ಕೊಡಿಸಿ."

"ಕೊಡಿಸ್ದೆ ಅಂತಿಟ್ಕೋ. ಅಪ್ಪಾಜಿ ಮನೇಲಿ ಕೂರ್ತಾರೆ. ರೋಡು ನೋಡ್ದೆ ಅವರು ಎಷ್ಟು ದಿನ ಇರ್ತಾರೆ, ನೀನೇ ಹೇಳು."

ಸೆಡಾನ್ ಎಂದರೆ ಮಾವನನ್ನು ಮನೆಯೊಳಗೆ ಇಟ್ಟು ಬೀಗ ಹಾಕಿದ ಹಾಗೆ. ಎತ್ತರದ ಗಾಡಿ ಎಂದರೆ ನನ್ನ ನಿವೃತ್ತಿಯ ತನಕ ಲಾರಿಯ ಹಿಂದೆ, ಹೊಗೆಯಲ್ಲಿ, ಎಡಗಡೆಯ ಬ್ರೇಕಿನ ಜೊತೆ. ಯಾವ ಕಡೆ ತಿರುಗಿದರೂ ಗೋಡೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರುತ್ತಿದ್ದೆ.

ಜಗುಲಿಯ ಮೇಲೆ ಖಾಕಿ ಅಂಗಿ ಹಾಕಿಕೊಂಡು, ಕಾಲು ನೀಡಿ ಕೂತಿದ್ದ ಮಾವನಿಗೆ ಎಲ್ಲ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಇಂಗೆ ಮುಖ ಊದಿಸ್ಕಂಡ್ ಕೂತ್ರೆ ಆಗಾಕಿಲ್ಲ. ಅಮ್ಮನ್ನೇ ಕೇಳಾನ ನಡೀರಿ" ಎಂದರು.

ಮುಗಿಯಿತು ಎಂದುಕೊಂಡೆ. ಅಮ್ಮ ಅವರ ಊರಿನವಳು, ಕೇಳುವವರು ಅವರು. ನನ್ನ ಕಡೆ ಯಾರಿದ್ದಾರೆ?

ಆಟೋ ಮಾಡಿಕೊಂಡು ಹೋದೆವು. ಗುಡಿ ಚಿಕ್ಕದು, ಒಳಗೆ ಧಗೆ. ನಾವು ಮೂರು ಜನ ಒತ್ತಿಕೊಂಡು ನಿಂತೆವು. ಪೂಜಾರಿ ಸೇವಂತಿಗೆಯ ಹೂಗಳನ್ನು ನೀರಲ್ಲಿ ಅದ್ದಿ ಅಮ್ಮನ ಭುಜಗಳಿಗೆ ಅಂಟಿಸಿದ. ಮಾವ ಗೋಡೆ ಹಿಡಿದು ನಿಂತು, ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವಂತೆ ಕೇಳಿದರು. "ಅವ್ವಾ, ಸವಿತಮ್ಮ ಮೆಚ್ಚಿರೋ ತಗ್ಗು ಗಾಡಿ ತಗೊಳಾನ ಅಂದ್ರೆ ಬಲಕ್ ಕೊಡು. ಬ್ಯಾಡ ಅಂದ್ರೆ ಎಡಕ್ ಕೊಡು."

ಹೂ ಬೀಳಲಿಲ್ಲ. ಬೆವರು ಮಾತ್ರ ಬೀಳುತ್ತಿತ್ತು. ಕರ್ಪೂರದ ಹೊಗೆ ಕಣ್ಣಿಗೆ ಹೊಕ್ಕಿತು. ಹೊರಗೆ ಹೋಗೋಣವೆಂದರೆ ಬಾಗಿಲಿಗೆ ಮಂಜು ಅಡ್ಡ. ತಾಯೀ, ಯಾವ ಕಡೆಯಾದರೂ ಕೊಟ್ಟು ಕಳಿಸಿಬಿಡು, ಸಾಕಾಗಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ಬಿತ್ತು. ಅಮ್ಮನ ಎಡಭುಜದ ಹೂ, ನಮ್ಮ ಎದುರಿಗೇ, ಸ್ಪಷ್ಟವಾಗಿ.

ಮಂಜು ಉಸಿರು ಬಿಟ್ಟು, "ಎಡಕ್ಕಾಯ್ತು" ಎಂದರು. ಪೂಜಾರಿ ತಲೆಯಾಡಿಸಿದ. ನಾನು ಕೈಮುಗಿದು ತಿರುಗಿದ್ದೆ.

"ಬಲಕ್ ಕೊಟ್ಳು" ಎಂದರು ಮಾವ.

"ಅಪ್ಪಾಜಿ, ಅದು ಎಡ..."

"ಯಾವ್ ಎಡ ಕಣ್ಲಾ? ನಾನ್ ಇಲ್ಲಿ ನಿಂತು ಕೇಳ್ದೋನು. ನನ್ ಬಲಗೈ ಯಾವ್ದು? ಇದು. ಹೂವ ಬಿದ್ದಿದ್ದು ಯಾವ್ ಕಡೆ? ಇದೇ ಕಡೆ."

"ಮತ್ತೆ ಸೈಟು ಕೇಳ್ದಾಗ ಅಮ್ಮನ ಬಲ ಅಂದಿದ್ರಿ!"

"ಅವತ್ತು ಅಂದಿದ್ದು ಅವತ್ತಿಗೆ. ಲೇ, ಜೀವಮಾನ ಸ್ಟೇರಿಂಗ್ ಹಿಡ್ದೋನ್ಗೆ ಎಡ ಬಲ ಹೇಳ್ಕೊಡ್ತೀಯಾ? ಪೂಜಾರಪ್ಪಾ, ನೀನೇ ಹೇಳು."

ಪೂಜಾರಿ ಬಾಯಿ ತೆರೆದ. ಮಾವನ ಮುಖ ನೋಡಿದ. ಏನು ಕಂಡಿತೋ, ಬಾಯಿ ಮುಚ್ಚಿಕೊಂಡು ಆ ಹೂವನ್ನು ಎತ್ತಿ ಮಾವನ ಕೈಗೆ ಕೊಟ್ಟ. ಮಾವ ಅದನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟರು. "ತಗೋ ತಾಯಿ. ಗಾಡಿ ಮುಂದೆ ಇಟ್ಕೋ." ನನಗೆ ಆ ಕ್ಷಣವೇ ಗೊತ್ತಾಯಿತು. ಮಂಜುಗೂ ಗೊತ್ತಾಯಿತು. ದೇವರಿಗೆ ಯಾವತ್ತೂ ಎದುರಾಡದಿದ್ದ ಮನುಷ್ಯ ನನಗಾಗಿ ಎದುರಾಡಿದ್ದರು.

ಸೆಡಾನ್ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾಗಲಾಗದೆ ಸ್ಟೂಲಿನ ಮೇಲೆ ಕೂತೇ ಪೂಜೆ ಮಾಡಿದವರು ಮಾವ. ಮೊದಲ ದಿನ ಬೆಳಿಗ್ಗೆ ಖಾಕಿ ಅಂಗಿ ಹಾಕಿಕೊಂಡು ಗೇಟಿನ ತನಕ ಕೋಲೂರಿಕೊಂಡು ಬಂದರು. ಡಿಕ್ಕಿಯ ಮೇಲೆ ಎರಡು ಸಲ ತಟ್ಟಿ "ರೈಟ್... ರೈಟ್" ಎಂದರು. ನಾನು ಹೊರಟೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಕಿಟಕಿ ಮುಚ್ಚಿದೆ, ಎ.ಸಿ. ಹಾಕಿದೆ, ಹಾಡು ಹಾಕಿದೆ. ಏರಿನಲ್ಲಿ ಸಿಕ್ಕ ಲಾರಿಯನ್ನು ಒಂದೇ ಉಸಿರಿಗೆ ದಾಟಿ, ಒಬ್ಬಳೇ ಜೋರಾಗಿ ನಕ್ಕೆ. ಮಿಡಿಗೇಶಿಯಲ್ಲಿ ಕೈಗಳು ಎದ್ದವು. ನಿಲ್ಲಿಸಲಿಲ್ಲ. ಮಾರನೆಯ ದಿನ ನಾಗಮ್ಮ ರಸ್ತೆಗೇ ಬಂದು ಅಡ್ಡ ನಿಂತಳು. "ಈರಣ್ಣ ಎಲ್ಲಿ ಕಣಮ್ಮ? ಉಸಾರಿಲ್ವಾ?" ಎಂದು ಕೇಳಿದಳು. "ಹತ್ತು ನಾಗಮ್ಮ" ಎಂದು ಬಾಗಿಲು ತೆಗೆದೆ.

ಸಂಜೆ ಮನೆಗೆ ಬಂದರೆ ಜಗುಲಿಯಲ್ಲೇ ವಿಚಾರಣೆ. ಯಾರು ಹತ್ತಿದರು, ಎಲ್ಲಿ ಇಳಿದರು, ರಸ್ತೆಯ ಗುಂಡಿ ಮುಚ್ಚಿದರೋ ಇಲ್ಲವೋ. ಬರೀ ಕಾಲೇಜಿನ ಸುದ್ದಿ ಹೇಳಿದರೆ ಮುಖ ಬಾಡುತ್ತಿತ್ತು. ಹಾಗಾಗಿ ಅವರಿಗೆ ಹೇಳಲು ಬೇಕೆಂದೇ ನಾನು ಜನರನ್ನು ಹತ್ತಿಸಿಕೊಳ್ಳತೊಡಗಿದೆ. ಹಗಲೆಲ್ಲ ಅವರು ಜಗುಲಿಯಲ್ಲಿ ಕೂತು ಬೀದಿ ನೋಡುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೇನು ಬರುತ್ತದೆ? ಮಂಜು ಒಂದೆರಡು ಸಲ ಆಟೋದಲ್ಲಿ ಸುತ್ತಾಡಿಸಿಕೊಂಡು ಬಂದರು. "ಅದೂ ಒಂದು ಗಾಡಿಯಾ?" ಎಂದರಂತೆ.

ದಸರಾ ರಜೆಯ ಒಂದು ಭಾನುವಾರ, ಬಿಳಿ ಅಂಗಿ ಹಾಕಬೇಕಾದ ದಿನ, ಖಾಕಿ ಹಾಕಿಕೊಂಡು ಬಂದರು. "ಸವಿತಮ್ಮ, ನನ್ನೂ ಒಂದ್ ಕಿತ ಕೂರ್ಸು. ನೀನ್ ಮೆಚ್ಚಿದ್ ಗಾಡಿ ಹೆಂಗೈತೆ ನೋಡಾನ."

ಸೀಟನ್ನು ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟೂ ತಳ್ಳಿ, ಕೆಳಗೆ ಎರಡು ದಿಂಬು ಹಾಕಿ, ಮಂಜು ಮತ್ತು ಪಕ್ಕದ ಮನೆಯವರು ಎತ್ತಿ ಕೂರಿಸಿದರು. ನೋವು ನುಂಗಿಕೊಂಡರು. ಹಳೆಯ ರೂಟಿನಲ್ಲೇ ಹೋದೆವು. ಕಿಟಕಿ ಇಳಿಸಿದೆ, ಹಾಡು ಹಾಕಲಿಲ್ಲ. ಮಿಡಿಗೇಶಿಯಲ್ಲಿ ಜನ ಸುತ್ತುವರಿದು ಮಾತಾಡಿಸಿದರು. ಪಾವಗಡ ದಾಟಿ ತಿರುಮಣಿಯ ತನಕ ಹೋಗೋಣ ಎಂದರು. ಅಲ್ಲಿ ಎರಡೂ ಕಡೆ ಸೋಲಾರ್ ಪ್ಯಾನೆಲ್ಲುಗಳು, ನಡುವೆ ನೆಟ್ಟಗೆ ಮಲಗಿದ ರಸ್ತೆ. ಮುಂದೆ ಒಂದೇ ಒಂದು ಲಾರಿ ಹೋಗುತ್ತಿತ್ತು. ಅಭ್ಯಾಸದಂತೆ ನಾನು ಅದರ ಹಿಂದೆ ನಿಧಾನ ಮಾಡಿದೆ.

"ಯಾಕ್ ನಿಧಾನ?"

"ಅವನೂ ಅಲ್ಲಿಗೇ ಹೋಗ್ತಾ ಇದಾನಲ್ಲ ಮಾವ" ಎಂದು ಚುಡಾಯಿಸಿದೆ.

ಮಾವ ನಕ್ಕರು. ಮೊದಲ ಬಾರಿಗೆ ರಸ್ತೆ ಬಿಟ್ಟು ನನ್ನ ಮುಖ ನೋಡಿದರು. "ಇದಕ್ಕೇ ಅಲ್ವಾ ಈ ಗಾಡಿ ತಗೊಂಡಿದ್ದು? ಒತ್ತಮ್ಮ" ಎಂದರು.

ಒತ್ತಿದೆ. ಕಾರು ಹಾರಿತು. ಲಾರಿಯನ್ನು ದಾಟುವಾಗ ನನ್ನ ಕಣ್ಣು ತಾನಾಗಿಯೇ ಎಡಗಡೆ ಕೆಳಕ್ಕೆ ಹೋಯಿತು. ಅವರ ಬಲಗಾಲು ಸುಮ್ಮನೆ ಇತ್ತು. ಅಲುಗಲೇ ಇಲ್ಲ. ಕಣ್ಣು ಮುಚ್ಚಿಕೊಂಡು, ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದರು. ಲಾರಿ ಹಿಂದೆ ಬಿದ್ದ ಮೇಲೆ, "ಚೆನ್ನಾಗೈತೆ. ಇಂಜಿನ್ನೂ ಚೆನ್ನಾಗ್ ಮಾತಾಡ್ತದೆ" ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅದೇ ಜಗುಲಿಯಲ್ಲಿ, ಊಟ ಮಾಡಿ ಒರಗಿದವರು ಏಳಲಿಲ್ಲ. ನಾನು ಆಗ ಪಾವಗಡದಲ್ಲಿದ್ದೆ. ಫೋನು ಬಂದ ತಕ್ಷಣ ಹೊರಟೆ. ಆ ಕಾರಿಗೆ ಎಷ್ಟು ವೇಗ ಇದೆಯೋ ಅಷ್ಟೂ ಅವತ್ತು ಬೇಕಾಗಿತ್ತು. ಆದರೆ ಕಣ್ಣು ತುಂಬಿ ರಸ್ತೆಯೇ ಕಾಣದೆ, ಮುಂದಿದ್ದ ಲಾರಿಯ ಹಿಂದೆಯೇ ಮಿಡಿಗೇಶಿಯ ತನಕ ತೆವಳಿಕೊಂಡು ಬಂದೆ.

ಈಗಲೂ ದಿನಾ ಅದೇ ದಾರಿ, ಅದೇ ಕಾರು. ನಾಗಮ್ಮ ಹತ್ತುತ್ತಾಳೆ, ಅವಳ ಮೂಟೆಗಳೂ ಹತ್ತುತ್ತವೆ, ಎಲ್ಲರೂ ಹಿಂದಿನ ಸೀಟಿಗೇ. ಮುಂದೆ ಕೂರಿ ಎಂದರೆ "ಅದು ಈರಣ್ಣನ ಜಾಗ" ಎನ್ನುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಮೊನ್ನೆ ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ನನ್ನ ಕಡೆಯ ಮ್ಯಾಟು ಸವೆದಿದೆ, ಬದಲಾಯಿಸಿ ಎಂದ. ಎಡಗಡೆಯದನ್ನು ಎತ್ತಿ ತೋರಿಸಿ, "ಇದು ಮಾತ್ರ ಹೊಸದರ ಹಾಗೇ ಇದೆ ಮೇಡಂ" ಎಂದ. ಕೊಡು ಇಲ್ಲಿ ಎಂದು ಕೈಯಿಂದ ಇಸಿದುಕೊಂಡು, ಒರೆಸಿ, ಅದನ್ನು ಅದರ ಜಾಗದಲ್ಲಿ ಹಾಸಿದೆ.